ಹಿಂದಿನ ಸೀಟಿನಲ್ಲಿ ಕುಳಿತವನ ತಕರಾರು



ಹೋದ ತಿಂಗಳು ಹ್ಯೂಸ್ಟನ್ ನಗರದ ನನ್ನ ಹೊಸ ಬದುಕಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದರೊಳಗಿನ ಒಂದು ವಾಕ್ಯ, ‘ಈ ಊರಿನಲ್ಲಿ ಕಾರಿಲ್ಲದವನು ಕಾಲಿದ್ದೂ ಇಲ್ಲದವನು’ ಎಂಬುದು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೆರಳಿಸಿದೆ. ಆತ ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ರಸ್ತೆ, ಸೇತುವೆಗಳ ಕೆಲಸದಲ್ಲಿ ಒಳ್ಳೆಯ ಹೆಸರು ಮಾಡಿದ್ದಾನೆ. ಅವನ ಪತ್ರದ ಸಾರಾಂಶ ಇಷ್ಟು: “ಮೇಷ್ಟ್ರೇ, ಅಂಥ ರಸ್ತೆಗಳು ನಮಗಿಲ್ಲವಲ್ಲ ಎಂದು ನಾವಿಲ್ಲಿ ಕೊರಗುತ್ತಿದ್ದರೆ ನೀವು ಅಲ್ಲಿ ಕುಳಿತು ದೂರುತ್ತಿದ್ದೀರಿ. ಕಾರು ಕೊಳ್ಳಿರೆಂದು ಅಲ್ಲಿ ಯಾರೂ ಯಾರನ್ನೂ ಬಲವಂತಪಡಿಸಿಲ್ಲ. ಕಾರೆಂದರೆ ಸ್ವಾತಂತ್ರ್ಯ. ಅಗಲವಾದ ರಸ್ತೆಯೆಂದರೆ ಪ್ರಗತಿ. ನೀವು ಡ್ರೈವಿಂಗ್ ಕಲಿತುಬಿಟ್ಟರೆ ಈ ದೂರೆಲ್ಲ ತಾನಾಗಿ ಮಾಯವಾಗುತ್ತದೆ.”

ಪತ್ರದಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದಕ್ಕಾಗಿ ಅವನಿಗೆ ಪೂರ್ಣ ಅಂಕಗಳನ್ನು ಕೊಟ್ಟಿದ್ದೇನೆ. ಆದರೆ ವಾದದಲ್ಲಿ ನಾಲ್ಕು ತಪ್ಪುಗಳಿವೆ. ಅವನೊಬ್ಬನ ತಪ್ಪಾಗಿದ್ದರೆ ಖಾಸಗಿಯಾಗಿ ತಿದ್ದಿ ಕಳುಹಿಸುತ್ತಿದ್ದೆ. ನಿಮ್ಮಲ್ಲಿ ಬಹುಮಂದಿ ಹಾಗೆಯೇ ಯೋಚಿಸುತ್ತೀರೆಂದು ಬಲ್ಲೆನಾದ್ದರಿಂದ ತರಗತಿಯ ಮುಂದೆಯೇ ತಿದ್ದುತ್ತಿದ್ದೇನೆ.

ಮೊದಲು ನನ್ನ ಸ್ಥಿತಿಯನ್ನು ಹೇಳಬೇಕು. 2023ರಲ್ಲಿ, ನನಗೆ ಎಪ್ಪತ್ತು ತುಂಬಿದ ವರ್ಷ, ನಾನೂ ನನ್ನ ಮನೆಯಾಕೆಯೂ ಅರಸೀಕೆರೆಯ ಮನೆಗೆ ಬೀಗ ಹಾಕಿ ಮಗನಿದ್ದಲ್ಲಿಗೆ ಬಂದೆವು. ಮಗನ ಮನೆ ಹ್ಯೂಸ್ಟನ್ನಿನ ಪಶ್ಚಿಮ ಭಾಗದಲ್ಲಿದೆ. ಒಳ್ಳೆಯ ಮನೆ, ಹಿಂದೆ ಹುಲ್ಲುಹಾಸು, ಓಕ್ ಮರ, ಅಳಿಲು. ಹಿತ್ತಲಲ್ಲಿ ಕರಿಬೇವು ಬೆಳೆದಿದೆ. ಮಗ ಸೊಸೆ ಇಬ್ಬರೂ ನಮ್ಮನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಆದುದರಿಂದ ಈ ಬರಹ ಯಾರ ಮೇಲಿನ ಮುನಿಸೂ ಅಲ್ಲ.

ಬಂದ ಮೊದಲ ವಾರ, ಬೆಳಗಿನ ಕಾಫಿಗೆ ಹಾಲು ತೀರಿತ್ತು. ಮಗ ಸೊಸೆ ಕೆಲಸಕ್ಕೆ ಹೊರಟುಹೋಗಿದ್ದರು. ಹಾಲು ತರುವುದೇನು ಮಹಾ ಎಂದು ಚೀಲ ಹಿಡಿದು ಹೊರಟೆ. ಬಡಾವಣೆಯೊಳಗಿನ ರಸ್ತೆಗಳು ಕರುಳಿನಂತೆ ಸುತ್ತಿ ಸುತ್ತಿ, ವೆಸ್ಟ್‌ಹೈಮರ್ ಎಂಬ ಹೆದ್ದಾರಿಯಂಥ ರಸ್ತೆಗೆ ಬಂದು ಸೇರುವಷ್ಟರಲ್ಲಿ ಇಪ್ಪತ್ತೈದು ನಿಮಿಷಗಳಾದವು. ಎದುರು ಬದಿಯಲ್ಲಿ ಅಂಗಡಿ ಕಾಣಿಸುತ್ತಿತ್ತು. ನಡುವೆ ಆರು ಲೇನುಗಳು, ಅವುಗಳಲ್ಲಿ ಬಿಡುವಿಲ್ಲದೆ ಹರಿಯುವ ವಾಹನಗಳು. ದಾಟುವ ದೀಪ ಎಲ್ಲಿದೆಯೆಂದು ನೋಡಿದರೆ ಇನ್ನೊಂದು ಹತ್ತು ನಿಮಿಷದ ದೂರ. ಅಲ್ಲಿಗೆ ಹೋಗುವ ಫುಟ್‌ಪಾತ್ ಅರ್ಧದಲ್ಲಿಯೇ ಹುಲ್ಲಿನಲ್ಲಿ ಮುಗಿದುಹೋಗಿತ್ತು. ನಾನು ಹುಲ್ಲಿನ ಮೇಲೆ ನಡೆಯುತ್ತಿರುವಾಗ ಕಾರೊಂದು ಪಕ್ಕದಲ್ಲಿ ನಿಂತಿತು. ಒಬ್ಬ ಹೆಣ್ಣುಮಗಳು ಗಾಜು ಇಳಿಸಿ, ದಾರಿ ತಪ್ಪಿದ್ದೀರಾ, ಮನೆಗೆ ಫೋನ್ ಮಾಡಲೇ ಎಂದು ಬಹಳ ಕನಿಕರದಿಂದ ಕೇಳಿದಳು. ದಾರಿ ತಪ್ಪಿರಲಿಲ್ಲ ತಾಯಿ, ಹಾಲಿಗೆ ಹೊರಟಿದ್ದೇನೆ ಎಂದೆ. ಆಕೆ ನಂಬಲಿಲ್ಲ. ಒಳ್ಳೆಯ ಮನಸ್ಸಿನ ಹೆಣ್ಣುಮಗಳು, ತಪ್ಪು ಆಕೆಯದಲ್ಲ. ನಡೆಯುತ್ತಿರುವ ಮುದುಕನೊಬ್ಬನು ಬುದ್ಧಿ ಕೆಟ್ಟವನೋ ಕಷ್ಟದಲ್ಲಿರುವವನೋ ಆಗಿರಬೇಕೆಂದು ಆ ರಸ್ತೆಯೇ ಆಕೆಗೆ ಕಲಿಸಿಕೊಟ್ಟಿದೆ.

ಅಂದಿನಿಂದ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಬಂತು. ಸೊಸೆ ಅನುಕೂಲಕ್ಕೆಂದು ಅಂಟಿಸಿದ್ದು. ನಮಗೆ ಬೇಕಾದುದನ್ನೆಲ್ಲ ಅದರಲ್ಲಿ ಬರೆದಿಡಬೇಕು: ಹಲ್ಲಿನ ವೈದ್ಯರು, ದೇವಸ್ಥಾನ, ಗ್ರಂಥಾಲಯ, ಕ್ಷೌರ. ಶನಿವಾರ ಮಗ ಅದನ್ನು ನೋಡಿ, ಎರಡನ್ನೋ ಮೂರನ್ನೋ ಆ ವಾರ ಮುಗಿಸಿ, ಉಳಿದುದನ್ನು ಮುಂದಿನ ವಾರಕ್ಕೆ ಹಾಕುತ್ತಾನೆ. ಮೂವತ್ತೈದು ವರ್ಷಗಳ ಕಾಲ ಮಕ್ಕಳ ರಜಾ ಅರ್ಜಿಗಳಿಗೆ ಸಹಿ ಹಾಕಿದವನು ನಾನು. ಈಗ ಕ್ಷೌರಕ್ಕೆ ಅರ್ಜಿ ಬರೆಯುತ್ತೇನೆ. ಒಂದು ದಿನ ಈ ಮಾತನ್ನು ಸ್ವಲ್ಪ ಖಾರವಾಗಿಯೇ ಆಡಿಬಿಟ್ಟೆ. ಮಗ ಮುಖ ಸಣ್ಣದು ಮಾಡಿಕೊಂಡು, “ಅಪ್ಪ, ನಿಮಗೆ ನಾವು ಏನು ಕಡಿಮೆ ಮಾಡಿದ್ದೇವೆ?” ಎಂದ. ಏನೂ ಕಡಿಮೆ ಮಾಡಿಲ್ಲ. ವಾರವಿಡೀ ದುಡಿದು, ಶನಿವಾರ ಅಪ್ಪ ಅಮ್ಮನ ಸಾರಥಿಯಾಗಿ ಐವತ್ತು ಅರವತ್ತು ಮೈಲಿ ಓಡಿಸುವ ಮಗನಿಗೆ ಏನು ಹೇಳಲಿ? ಅವನ ಶನಿವಾರವೂ ಕಳೆಯಿತು, ನನ್ನ ಆರು ದಿನಗಳೂ ಕಳೆದವು. ಇಬ್ಬರಿಂದಲೂ ಕಸಿದುಕೊಂಡದ್ದು ಯಾರು ಎಂಬುದನ್ನು ನಾನು ಆ ದಿನದಿಂದ ಓದತೊಡಗಿದೆ.

ಇನ್ನು ಮೊದಲನೆಯ ತಪ್ಪು. ‘ಯಾರೂ ಬಲವಂತಪಡಿಸಿಲ್ಲ.’

ಹ್ಯೂಸ್ಟನ್ ಹುಟ್ಟಿದ್ದು 1836ರಲ್ಲಿ, ಕಾರು ಹುಟ್ಟುವುದಕ್ಕೆ ಎಷ್ಟೋ ಮೊದಲು. 1891ರಿಂದ ಇಲ್ಲಿ ವಿದ್ಯುತ್ ಟ್ರಾಮುಗಳು ಓಡುತ್ತಿದ್ದವು. ಜನ ಟ್ರಾಮ್ ಹಿಡಿದು ಪೇಟೆಗೆ ಹೋಗುತ್ತಿದ್ದರು, ಟ್ರಾಮಿನ ದಾರಿಯ ಇಕ್ಕೆಲಗಳಲ್ಲಿ ಮನೆ ಕಟ್ಟುತ್ತಿದ್ದರು. 1940ರಲ್ಲಿ ಕೊನೆಯ ಟ್ರಾಮ್ ನಿಂತಿತು. 1948ರಲ್ಲಿ ಗಲ್ಫ್ ಫ್ರೀವೇಯ ಮೊದಲ ಭಾಗ ತೆರೆಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯಿದೆಯ ಪ್ರಕಾರ ಅಂತರರಾಜ್ಯ ಹೆದ್ದಾರಿಗಳ ವೆಚ್ಚದ ಶೇಕಡಾ 90 ಭಾಗವನ್ನು ಕೇಂದ್ರ ಸರ್ಕಾರವೇ ಹೊತ್ತಿತು. ಒಂದು ರೂಪಾಯಿಯಲ್ಲಿ ತೊಂಬತ್ತು ಪೈಸೆ ಬೇರೆಯವರು ಕೊಡುವುದಾದರೆ ಯಾವ ಊರು ಬೇಡವೆನ್ನುತ್ತದೆ?

ಇನ್ನೊಂದು ಸ್ವಾರಸ್ಯವನ್ನು ಕೇಳಿ. ಯಾವ ಭೂಮಿಯಲ್ಲಿ ಏನು ಕಟ್ಟಬೇಕೆಂದು ಗೊತ್ತುಪಡಿಸುವ ವಲಯ ನಿಯಮಗಳು ತಮಗೆ ಬೇಡವೆಂದು ಹ್ಯೂಸ್ಟನ್ನಿನ ಮತದಾರರು 1948, 1962, 1993ರಲ್ಲಿ ಮೂರು ಬಾರಿ ತೀರ್ಪಿತ್ತಿದ್ದಾರೆ. ಅವರವರ ಭೂಮಿ ಅವರವರ ಇಷ್ಟ ಎಂಬುದು ಊರಿನ ಹೆಮ್ಮೆ. ಆದರೆ ಆ ಹೆಮ್ಮೆಯ ಊರಿನ ಕಾನೂನು ಪುಸ್ತಕದಲ್ಲಿಯೇ, ಊರಿನ ಬಹುಭಾಗಕ್ಕೆ ಅನ್ವಯಿಸುವ ಇನ್ನೊಂದು ನಿಯಮವಿದೆ: ಮನೆ ಕಟ್ಟಿದರೆ ಇಷ್ಟು ಕಾರಿಗೆ, ಅಂಗಡಿ ಕಟ್ಟಿದರೆ ಇಷ್ಟು ಕಾರಿಗೆ, ಹೋಟೆಲು ಕಟ್ಟಿದರೆ ಇಷ್ಟು ಕಾರಿಗೆ ಜಾಗ ಬಿಡಲೇಬೇಕು. ಹೆಂಡದಂಗಡಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ! ಕುಡಿದವನು ಓಡಿಸಬಾರದೆಂದು ಒಂದು ಕಾನೂನು, ಕುಡಿಯುವ ಜಾಗಕ್ಕೆ ಓಡಿಸಿಕೊಂಡು ಬರಲೆಂದು ಇನ್ನೊಂದು ಕಾನೂನು. ಪೇಟೆಯ ನಡುಭಾಗಕ್ಕೆ ಈ ನಿಯಮವಿಲ್ಲ; 2019ರಲ್ಲಿ ಅದರ ಅಕ್ಕಪಕ್ಕದ ಎರಡು ಪ್ರದೇಶಗಳಿಗೂ ವಿನಾಯಿತಿ ಸಿಕ್ಕಿತು. ಉಳಿದೆಡೆಗಳಲ್ಲಿ ಪ್ರತಿ ಅಂಗಡಿಯ ಮುಂದೆಯೂ ಅಂಗಡಿಗಿಂತ ದೊಡ್ಡದಾದ ಡಾಂಬರು ಬಯಲು ಇರಬೇಕಾಗುತ್ತದೆ. ಅಂಗಡಿಗಳ ನಡುವೆ ಬಯಲುಗಳು ಬಂದರೆ ಅಂಗಡಿಗಳು ದೂರ ಸರಿಯುತ್ತವೆ, ದೂರ ಸರಿದರೆ ನಡೆಯಲಾಗದು, ನಡೆಯಲಾಗದಿದ್ದರೆ ಕಾರು ಬೇಕು, ಕಾರು ಬಂದರೆ ಬಯಲು ಬೇಕು. ಇದು ಜನರ ಇಚ್ಛೆಯೆಂದು ಹೇಳುವುದು, ಊಟಕ್ಕೆ ಒಂದೇ ಪದಾರ್ಥ ಬಡಿಸಿ ‘ಎಲ್ಲರೂ ಅದನ್ನೇ ಇಷ್ಟಪಟ್ಟು ತಿಂದರು’ ಎಂದ ಹಾಗೆ.

ಎರಡನೆಯ ತಪ್ಪು. ‘ಕಾರೆಂದರೆ ಸ್ವಾತಂತ್ರ್ಯ.’

ಯಾರಿಗೆ? ಈ ಪ್ರಶ್ನೆಯನ್ನು ನನ್ನ ಶಿಷ್ಯ ಕೇಳಿಕೊಂಡಿಲ್ಲ. ಟೆಕ್ಸಾಸ್ ರಾಜ್ಯದಲ್ಲಿ ಹದಿನಾರು ತುಂಬುವವರೆಗೆ ಒಬ್ಬರೇ ಕಾರು ಓಡಿಸುವಂತಿಲ್ಲ. ನನ್ನ ಮೊಮ್ಮಗಳಿಗೆ ಹದಿನಾಲ್ಕು. ಅವಳ ಶಾಲೆ ಮನೆಯಿಂದ ಒಂದೇ ಮೈಲಿ. ಆದರೆ ನಡುವೆ ಅದೇ ಆರು ಲೇನಿನ ರಸ್ತೆಯಿದೆ. ಆದ್ದರಿಂದ ಸಂಜೆ ಶಾಲೆ ಬಿಡುವ ಅರ್ಧ ಗಂಟೆ ಮೊದಲೇ ಸೊಸೆ ಮನೆಯಿಂದಲೇ ಮಾಡುವ ಕೆಲಸವನ್ನು ನಿಲ್ಲಿಸಿ ಹೋಗಿ ಕಾರುಗಳ ಸಾಲಿನಲ್ಲಿ ನಿಲ್ಲುತ್ತಾಳೆ. ನಾನೂ ಒಂದೆರಡು ಬಾರಿ ಜೊತೆಗೆ ಹೋಗಿದ್ದೇನೆ. ನೂರಾರು ಕಾರುಗಳು, ಪ್ರತಿಯೊಂದರಲ್ಲೂ ಒಬ್ಬೊಬ್ಬ ತಾಯಿ ಅಥವಾ ತಂದೆ, ಸೆಕೆಗೆ ಎಂಜಿನ್ ಚಾಲೂ ಇಟ್ಟುಕೊಂಡು, ಇಂಚಿಂಚಾಗಿ ಮುಂದೆ ಸರಿಯುತ್ತ. ನಮ್ಮ ಶಾಲೆಯ ಕೊನೆಯ ಗಂಟೆ ಬಾರಿಸಿದೊಡನೆ ನೀವೆಲ್ಲ ಹೇಗೆ ಹೊರಗೆ ಚಿಮ್ಮುತ್ತಿದ್ದಿರೆಂದು ನೆನಪಾಯಿತು. ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಗಂಟೆ ಬಾರಿಸುತ್ತ ಬಂದದ್ದನ್ನು ನಾನು ಶಾಲೆಯ ಗೇಟಿನಲ್ಲಿ ನಿಂತು ನೋಡಿದ್ದೇನೆ. ಅಪ್ಪನನ್ನು ಕೇಳದೆ, ಅಣ್ಣನನ್ನು ಕಾಯದೆ ಬಂದ ಮಕ್ಕಳವು. ಸ್ವಾತಂತ್ರ್ಯವೆಂಬ ಪದವನ್ನು ಬಳಸುವುದಾದರೆ ನಾನು ಅಲ್ಲಿ ಬಳಸುತ್ತೇನೆ.

ನನ್ನ ತಾಯಿ ಎಂಬತ್ತು ದಾಟಿದ ಮೇಲೂ ಒಬ್ಬಳೇ ಬಸ್ಸು ಹತ್ತಿ ಮಾಲೇಕಲ್ಲು ತಿರುಪತಿಯ ಬೆಟ್ಟದ ಬುಡಕ್ಕೆ ಹೋಗಿ ಕೈಮುಗಿದು ಬರುತ್ತಿದ್ದಳು. ಓದು ಬರಹ ಬಾರದವಳು. ಬಸ್ಸಿನ ಬಣ್ಣ ಮತ್ತು ಕಂಡಕ್ಟರನ ಕೂಗು ಅವಳಿಗೆ ಸಾಕಾಗಿತ್ತು. ಎರಡು ಪದವಿ ಪಡೆದ ಅವಳ ಮಗ ಇಲ್ಲಿ ಹಾಲಿಗೆ ಹೋಗಲಾರ. ನಾವಿಬ್ಬರು, ಅಂದರೆ ಎಪ್ಪತ್ತೆರಡರ ಅಜ್ಜ ಮತ್ತು ಹದಿನಾಲ್ಕರ ಮೊಮ್ಮಗಳು, ಸದಾ ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುತ್ತೇವೆ. ಕಾರು ಕೊಳ್ಳಲಾರದ ಬಡವರಿಗಂತೂ ಆ ಸೀಟೂ ಇಲ್ಲ. ಅಮೆರಿಕದ ಮೋಟಾರು ವಾಹನ ಸಂಘ 2024ರಲ್ಲಿ ಹಾಕಿದ ಲೆಕ್ಕದಂತೆ ಹೊಸ ಕಾರೊಂದನ್ನು ಕೊಂಡು ಸಾಕಲು ವರ್ಷಕ್ಕೆ ಸರಾಸರಿ 12 ಸಾವಿರ ಡಾಲರುಗಳಿಗೂ ಹೆಚ್ಚು ಬೇಕು. ನನ್ನ ಮಗನ ಮನೆಯಲ್ಲಿ ಅಂಥವು ಎರಡಿವೆ. ಹದಿನಾರು ತುಂಬಿದೊಡನೆ ಮೂರನೆಯದು ಬರುತ್ತದೆ.

ಈ ಸಂದರ್ಭದಲ್ಲಿ ಗಣಿತದ ಒಂದು ಲೆಕ್ಕ. ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿ ಅಂದಿನ ಅಮೆರಿಕನ್ನನು ಕಾರಿಗಾಗಿ ವರ್ಷಕ್ಕೆ 1,600 ಗಂಟೆಗಳನ್ನು ವ್ಯಯಿಸುತ್ತಾನೆಂದು ಹೇಳಿದ. ಓಡಿಸುವ ಸಮಯ ಮಾತ್ರವಲ್ಲ, ಅದರ ಕಂತು, ವಿಮೆ, ಇಂಧನ, ರಿಪೇರಿಗಳಿಗಾಗಿ ದುಡಿಯುವ ಸಮಯವೂ ಸೇರಿ. ಅಷ್ಟರಲ್ಲಿ ಆತ ಕ್ರಮಿಸುವ ದೂರ 7,500 ಮೈಲಿ. ಭಾಗಿಸಿ ನೋಡಿ: ಗಂಟೆಗೆ ಐದು ಮೈಲಿಯೂ ಆಗುವುದಿಲ್ಲ, ಸುಮಾರು ಏಳೂವರೆ ಕಿಲೋಮೀಟರು. ಅಂಕಿಗಳು ಹಳೆಯವು, ಇಂದು ಬೇರೆ ಇರಬಹುದು. ಆದರೆ ಲೆಕ್ಕ ಮಾಡುವ ಕ್ರಮ ಸರಿಯಾಗಿದೆ. ನಾನು ಶಾಲೆಗೆ ತುಳಿಯುತ್ತಿದ್ದ ಹಳೆಯ ಸೈಕಲ್ಲು ಇದರ ಎರಡರಷ್ಟು ವೇಗವಾಗಿ ಹೋಗುತ್ತಿತ್ತು.

ಮೂರನೆಯ ತಪ್ಪು. ‘ಅಗಲವಾದ ರಸ್ತೆಯೆಂದರೆ ಪ್ರಗತಿ.’

ಎಂಜಿನಿಯರ್ ಶಿಷ್ಯ ಇದನ್ನು ವಿಶೇಷ ಗಮನವಿಟ್ಟು ಓದಬೇಕು. ನಮ್ಮ ಮನೆಯ ಉತ್ತರಕ್ಕೆ ಕೇಟಿ ಫ್ರೀವೇ ಇದೆ. ಅದನ್ನು ಸುಮಾರು 280 ಕೋಟಿ ಡಾಲರ್ ವೆಚ್ಚದಲ್ಲಿ ಅಗಲಿಸಿ 2008ರಲ್ಲಿ ಪೂರ್ಣಗೊಳಿಸಿದರು. ಪಕ್ಕದ ಸೇವಾರಸ್ತೆಗಳನ್ನೂ ಎಣಿಸಿದರೆ ಕೆಲವೆಡೆ 26 ಲೇನುಗಳು! ಅದರ ಪಕ್ಕದಲ್ಲಿ ಒಂದು ಹಳೆಯ ರೈಲುಮಾರ್ಗವಿತ್ತು. ಕೇಟಿ ಎಂಬ ಊರಿಗೆ ಆ ಹೆಸರು ಬಂದದ್ದೇ ಆ ರೈಲ್ವೆ ಕಂಪೆನಿಯ ಹೆಸರಿನ ಅಕ್ಷರಗಳಿಂದ ಎನ್ನುತ್ತಾರೆ. ಹಳಿಗಳನ್ನು ಕಿತ್ತು ಆ ಜಾಗವನ್ನೂ ರಸ್ತೆಗೆ ಸೇರಿಸಿದರು. ರೈಲು ಜಂಕ್ಷನ್ನಿನ ಊರಿನಿಂದ ಬಂದ ನನಗೆ ಅದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಇಷ್ಟೆಲ್ಲ ಮಾಡಿದ ಮೇಲೆ ಸಂಚಾರ ಕೆಲಕಾಲ ಹಗುರಾಯಿತು. ಆಮೇಲೆ 2011ರಿಂದ 2014ರ ನಡುವಿನ ಮೂರೇ ವರ್ಷಗಳಲ್ಲಿ ಸಂಜೆಯ ದಟ್ಟಣೆಯ ವೇಳೆಯ ಪ್ರಯಾಣದ ಅವಧಿ ಅರ್ಧಕ್ಕಿಂತಲೂ ಹೆಚ್ಚು ಏರಿತು. ರಸ್ತೆ ಅಗಲವಾಯಿತೆಂದು ಜನ ಇನ್ನಷ್ಟು ದೂರದಲ್ಲಿ ಮನೆ ಮಾಡಿದರು, ಅವರ ಹಿಂದೆ ಅಂಗಡಿಗಳು ಹೋದವು, ಎಲ್ಲರೂ ಸೇರಿ ಅದೇ ರಸ್ತೆಗೆ ಮರಳಿ ಬಂದರು. ಕೆರೆಯ ಏರಿ ಎತ್ತರಿಸಿದರೆ ನೀರು ಅಲ್ಲಿಯವರೆಗೆ ತುಂಬುತ್ತದೆಂಬುದನ್ನು ಅರಸೀಕೆರೆಯ ಮಕ್ಕಳಿಗೆ ನಾನು ಹೇಳಿಕೊಡಬೇಕೆ?

ಪ್ರಗತಿಯ ನಿಜವಾದ ಪರೀಕ್ಷೆ ಆಪತ್ತಿನಲ್ಲಿ. 2005ರ ಸೆಪ್ಟೆಂಬರಿನಲ್ಲಿ ರೀಟಾ ಚಂಡಮಾರುತ ಬರುತ್ತಿದೆಯೆಂದು ಈ ಪ್ರದೇಶದ ಸುಮಾರು 25 ಲಕ್ಷ ಜನ ಊರು ಬಿಟ್ಟು ಹೊರಟರು. ಕೆಲವೇ ವಾರಗಳ ಹಿಂದೆ ನ್ಯೂ ಆರ್ಲಿಯನ್ಸ್ ನಗರ ಕತ್ರಿನಾದಿಂದ ಮುಳುಗಿತ್ತು, ಆ ಭಯ ಬೇರೆ. ಹೆಚ್ಚಿನವರ ಬಳಿ ಕಾರಿತ್ತು. ಎಲ್ಲರೂ ಒಟ್ಟಿಗೆ ಸ್ವತಂತ್ರರಾದರು. ರಸ್ತೆಗಳು ನೂರಾರು ಮೈಲಿ ಹೆಪ್ಪುಗಟ್ಟಿದವು. ಸುಡುವ ಬಿಸಿಲಿನಲ್ಲಿ ಪೆಟ್ರೋಲು ಮುಗಿದು, ನೀರು ಮುಗಿದು, ಜನ ದಿನಗಟ್ಟಲೆ ನಿಂತರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸೊಂದು ಡಲ್ಲಾಸ್ ಬಳಿ ಹೊತ್ತಿ ಉರಿದು 23 ಮಂದಿ ತೀರಿಕೊಂಡರು. ಬಿರುಗಾಳಿಗೆ ಬಲಿಯಾದವರಿಗಿಂತ ಅದರಿಂದ ತಪ್ಪಿಸಿಕೊಳ್ಳಲು ಹೊರಟು ದಾರಿಯಲ್ಲಿ ಸತ್ತವರೇ ಹೆಚ್ಚು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೆಯದು. ‘ನೀವು ಡ್ರೈವಿಂಗ್ ಕಲಿತರೆ ಸರಿಹೋಗುತ್ತದೆ.’

ಕಲಿಯಲು ಹೊರಟೆ. ಭಾನುವಾರದ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಬಯಲಿನಲ್ಲಿ ಮಗ ತಾಳ್ಮೆಯಿಂದ ಹೇಳಿಕೊಟ್ಟ. ನಾನು ಒಳ್ಳೆಯ ವಿದ್ಯಾರ್ಥಿಯಲ್ಲವೆಂಬುದು ಗೊತ್ತಾಯಿತು. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಕತ್ತು ಪೂರ್ತಿ ತಿರುಗುವುದಿಲ್ಲ. ಲೈಸೆನ್ಸು ಸಿಕ್ಕರೂ ಸಿಗಬಹುದಿತ್ತು. ಆದರೆ ಎದುರು ಮನೆಯ ಹಿರಿಯರನ್ನು ನೋಡಿ ನಿಲ್ಲಿಸಿದೆ. ಆತ ಐವತ್ತು ವರ್ಷ ಕಾರು ಓಡಿಸಿದ ಇಲ್ಲಿಯವರೇ. ಎಂಬತ್ತಾರರ ವಯಸ್ಸಿನಲ್ಲಿ ಕಸದ ತೊಟ್ಟಿಗೆ ಗುದ್ದಿದರೆಂದು ಮಕ್ಕಳು ಕೀಲಿ ತೆಗೆದುಕೊಂಡರು. ಈಗ ಗ್ಯಾರೇಜಿನ ಬಾಗಿಲು ತೆರೆದಿಟ್ಟು, ನಿಂತ ಕಾರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾರೆ. ಡ್ರೈವಿಂಗ್ ಬಲ್ಲವನಿಗೂ ಒಂದು ದಿನ ಹಿಂದಿನ ಸೀಟು ಕಾದಿದೆ ಮಗು. ನನ್ನ ಅಸಾಮರ್ಥ್ಯವನ್ನು ನೀನು ತಿದ್ದಬಹುದು, ಮುಪ್ಪನ್ನು ತಿದ್ದಲಾರೆ. ಊರನ್ನು ತಿದ್ದುವುದೇ ಸುಲಭ.

ಇಷ್ಟು ವಾದಿಸಿದ ಮೇಲೆ ನಾನು ಮಾಡಿದ ಒಂದು ಕೆಲಸವನ್ನೂ ಹೇಳಬೇಕು, ಇಲ್ಲವಾದರೆ ಕುಳಿತಲ್ಲೇ ಗೊಣಗುವವನೆಂಬ ಅಪವಾದ ಬರುತ್ತದೆ. ಹ್ಯೂಸ್ಟನ್ನಿನಲ್ಲಿ ಬಸ್ಸುಗಳಿಲ್ಲವೆಂದು ತಿಳಿಯಬೇಡಿ. ಸಾರ್ವಜನಿಕ ಸಾರಿಗೆ ಸಂಸ್ಥೆ 2015ರಲ್ಲಿ ತನ್ನ ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ಹೆಣೆಯಿತು. ಮುಖ್ಯ ಮಾರ್ಗಗಳಲ್ಲಿ ಬಸ್ಸುಗಳು ಬೇಗಬೇಗ ಬರುತ್ತವೆ. 2004ರ ಜನವರಿ 1ರಂದು ಪೇಟೆಯಿಂದ ಲಘು ರೈಲು ಆರಂಭವಾಯಿತು. ಎಪ್ಪತ್ತು ದಾಟಿದವರಿಗೆ ಪ್ರಯಾಣ ಉಚಿತ. 2023ರಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮೂರಿನ ಹೆಂಗಸರು ಆಧಾರ್ ಹಿಡಿದು ಬಸ್ಸು ಹತ್ತಿದ ಸಂಭ್ರಮವನ್ನು ಪತ್ರಿಕೆಯಲ್ಲಿ ಓದಿದ್ದೆ. ಅಂಥದೇ ಒಂದು ಕಾರ್ಡು ನನ್ನ ಕೈಗೂ ಬಂತು. ಬೇಸಿಗೆ ರಜೆಯ ಒಂದು ದಿನ ಮೊಮ್ಮಗಳನ್ನು ಕರೆದೆ: “ಬಾ, ಗಾಂಧಿಯನ್ನು ನೋಡಿ ಬರೋಣ.”

ಇಲ್ಲಿನ ಹರ್ಮನ್ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು ಸ್ಥಾಪಿಸಿದ ಗಾಂಧೀಜಿಯ ಪ್ರತಿಮೆಯಿದೆ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ನಾವು ಕೊಡೆ ಹಿಡಿದು ಇಪ್ಪತ್ತೈದು ನಿಮಿಷ ನಡೆದು ವೆಸ್ಟ್‌ಹೈಮರ್ ಸೇರಿದೆವು. ನಿಲ್ದಾಣವೆಂದರೆ ಒಂದು ಕಂಬ; ನೆರಳಿಲ್ಲ, ಕುಳಿತುಕೊಳ್ಳಲು ಬೆಂಚಿಲ್ಲ. ನಮ್ಮೊಡನೆ ಮನೆಗೆಲಸಕ್ಕೆ ಹೋಗುವ ಇಬ್ಬರು ಸ್ಪ್ಯಾನಿಷ್ ಮಾತಿನ ಹೆಂಗಸರು, ಹೋಟೆಲಿನ ಸಮವಸ್ತ್ರ ತೊಟ್ಟ ಒಬ್ಬ ಹುಡುಗ. 82ನೆಯ ನಂಬರಿನ ಬಸ್ಸು ಬಂತು. ನನ್ನ ಮಂಡಿಯನ್ನು ನೋಡಿ ಚಾಲಕಿ ಗುಂಡಿಯೊತ್ತಿದಳು. ಬಸ್ಸು ಆನೆ ಮಂಡಿಯೂರಿದಂತೆ ಪಕ್ಕಕ್ಕೆ ಬಾಗಿ ತಗ್ಗಾಯಿತು. ಅದಕ್ಕೆ ಎದ್ದು ನಿಂತು ನಮಸ್ಕರಿಸಬೇಕೆನಿಸಿತು. ಮೊಮ್ಮಗಳು ತನ್ನ ಹದಿನಾಲ್ಕು ವರ್ಷಗಳಲ್ಲಿ ಊರಿನ ಬಸ್ಸನ್ನು ಹತ್ತಿದ್ದು ಅದೇ ಮೊದಲು. ಕಿಟಕಿಗೆ ಮುಖವೊತ್ತಿ, “ತಾತ, ನಾನು ಈ ರಸ್ತೇನ ಯಾವತ್ತೂ ಸರಿಯಾಗಿ ನೋಡೇ ಇರ್ಲಿಲ್ಲ” ಎಂದಳು. ಪೇಟೆಯಲ್ಲಿ ಇಳಿದು ರೈಲು ಹತ್ತಿ, ಮನೆ ಬಿಟ್ಟು ಎರಡು ಗಂಟೆಗಳಾದ ಮೇಲೆ ಉದ್ಯಾನ ಸೇರಿದೆವು.

ಪ್ರತಿಮೆಯ ಮುಂದೆ ಅವಳಿಗೆ ದಂಡಿಯ ಕತೆ ಹೇಳಿದೆ. 1930ರಲ್ಲಿ, ಅರವತ್ತರ ವಯಸ್ಸಿನಲ್ಲಿ, 24 ದಿನ, ಸುಮಾರು 385 ಕಿಲೋಮೀಟರು ಕಾಲ್ನಡಿಗೆ. ಇದೇ ನಗರದಲ್ಲಿ ಹಿಲ್‌ಕ್ರಾಫ್ಟ್ ರಸ್ತೆಯ ಸುತ್ತಲ ಭಾರತೀಯ ಅಂಗಡಿಗಳ ಪ್ರದೇಶಕ್ಕೆ 2010ರಲ್ಲಿ ಮಹಾತ್ಮಾ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಸೀರೆಯ ಅಂಗಡಿಯಿಂದ ತರಕಾರಿ ಅಂಗಡಿಗೆ ಹೋಗಲು ಜನ ಮತ್ತೆ ಕಾರು ಹತ್ತುವುದನ್ನು ಕಂಡಿದ್ದೇನೆ. ನಡೆದು ನಡೆದೇ ಒಂದು ಸಾಮ್ರಾಜ್ಯವನ್ನು ಅಲುಗಿಸಿದವನ ಹೆಸರಿನಲ್ಲಿ ನಡೆಯಲಾಗದ ಊರು!

ಮಧ್ಯಾಹ್ನ ಮಗನ ಫೋನು ಬಂತು. ಎಲ್ಲಿದ್ದೀರೆಂದು ಕೇಳಿ, ಬಸ್ಸೆಂದೊಡನೆ ಸಿಟ್ಟಾದ. ಆ ಬಿಸಿಲು, ಆ ರಸ್ತೆ, ಮಗುವನ್ನು ಕರೆದುಕೊಂಡು, ಹೇಳದೆ ಕೇಳದೆ... ಅವನ ಭಯ ಸುಳ್ಳಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 7,500ಕ್ಕೂ ಹೆಚ್ಚು ಪಾದಚಾರಿಗಳು ವಾಹನಕ್ಕೆ ಸಿಲುಕಿ ಸತ್ತರು. ಹೇಳದೆ ಹೋದದ್ದು ನನ್ನ ತಪ್ಪೆಂದು ಒಪ್ಪಿಕೊಂಡೆ. ಆದರೆ ನಡೆದು ಹೋದದ್ದು ತಪ್ಪೆಂದು ಒಪ್ಪಲಿಲ್ಲ. ಎರಡು ದಿನ ಅಪ್ಪ ಮಗ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ನೋಡಿದರೆ ಫ್ರಿಜ್ಜಿನ ಮೇಲಿನ ಹಾಳೆಯ ಪಕ್ಕದಲ್ಲಿ 82ನೆಯ ಬಸ್ಸಿನ ವೇಳಾಪಟ್ಟಿಯನ್ನು ಯಾರೋ ಅಚ್ಚು ಹಾಕಿ ಅಂಟಿಸಿದ್ದರು. ಮೊಮ್ಮಗಳನ್ನು ಕೇಳಿದರೆ ತಾನಲ್ಲವೆಂದಳು.

ಈಗ ಬೆಂಗಳೂರಿನ ಮಾತು. ‘ಭಾರತದ ರಸ್ತೆಗಳೇನು ಸ್ವರ್ಗವೇ’ ಎಂದು ನೀವು ಕೇಳುವುದು ಗೊತ್ತು. ಅಲ್ಲ. ಅದೇ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಪಾದಚಾರಿಗಳೇ 32 ಸಾವಿರಕ್ಕೂ ಹೆಚ್ಚು. ಇದು ಕಾರಿಲ್ಲದ್ದರಿಂದ ಬಂದ ಸಾವಲ್ಲ. ನಡೆಯುವವನಿಗೆ ಜಾಗ ಕೊಡದೆ ವಾಹನಕ್ಕೆ ಮಾತ್ರ ಕೊಟ್ಟದ್ದರಿಂದ ಬಂದದ್ದು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಕೋಟಿ ದಾಟಿವೆ. ಆದರೂ ಅಲ್ಲಿ ಇನ್ನೂ ಬೀದಿ ಕೊನೆಯಲ್ಲಿ ಹಾಲು ಸಿಗುತ್ತದೆ, ಹೂವು ಸಿಗುತ್ತದೆ. ಬಿಎಂಟಿಸಿ ದಿನಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹೊರುತ್ತದೆ. 2011ರ ಅಕ್ಟೋಬರಿನಲ್ಲಿ ಆರಂಭವಾದ ಮೆಟ್ರೊ ವರ್ಷವರ್ಷವೂ ಬೆಳೆದಿದೆ. ಹ್ಯೂಸ್ಟನ್ನಿನಲ್ಲಿ 2020ರ ಗಣತಿಯಂತೆ 23 ಲಕ್ಷ ಜನ ಸುಮಾರು 1,650 ಚದರ ಕಿಲೋಮೀಟರಿನಲ್ಲಿ ಹರಡಿಕೊಂಡಿದ್ದಾರೆ. ಆ ದೂರಗಳನ್ನು ಈಗ ಹತ್ತಿರ ತರಬೇಕಾದರೆ ಎರಡು ತಲೆಮಾರು ಬೇಕು. ನಮ್ಮದು ಹತ್ತಿರದಲ್ಲಿಯೇ ಇದೆ. ನಾವು ಅದನ್ನು ಕೆಡಿಸದಿದ್ದರೆ ಸಾಕು.

ಕೆಡಿಸುವುದನ್ನು ತಡೆಯಲೂ ಬಹುದು. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ನಾಗರಿಕರು ಮಾನವ ಸರಪಳಿ ಕಟ್ಟಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅಂದು ನನ್ನ ಶಿಷ್ಯರು ಕೆಲವರು ಆ ಸರಪಳಿಯಲ್ಲಿದ್ದಿರಿ, ಕೆಲವರು ಕಾರಿನಲ್ಲಿ ಕುಳಿತು ಅದನ್ನು ಬೈದಿರಿ. ಅನಂತರ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿಯ ಸುರಂಗ ರಸ್ತೆಯ ಯೋಜನೆ ಬಂತು. ನೆಲದ ಮೇಲೆ ಕೇಟಿ ಫ್ರೀವೇಗೆ ಆದದ್ದು ನೆಲದ ಕೆಳಗೆ ಆಗುವುದಿಲ್ಲವೆಂದು ನಂಬಲು ನನಗೆ ಕಾರಣವೊಂದೂ ಕಾಣದು. ನನ್ನ ಶಿಷ್ಯನಿಗೆ ಕಂಡಿದ್ದರೆ ಲೆಕ್ಕ ಬಿಡಿಸಿ ತೋರಿಸಲಿ. ಉತ್ತರ ಮಾತ್ರ ಬರೆದರೆ ಅಂಕವಿಲ್ಲ, ಹಂತಗಳೂ ಬೇಕು.

ಕೊನೆಯಲ್ಲಿ, ರೂಢಿಯಂತೆ, ಮನೆಗೆಲಸ. ಬರುವ ಭಾನುವಾರ ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಕರೆದುಕೊಂಡು ಮನೆಯಿಂದ ಹತ್ತಿರದ ಬಸ್ ನಿಲ್ದಾಣದವರೆಗೆ ನಡೆದುಹೋಗಿ. ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿಕೊಳ್ಳಿ. ಎಲ್ಲಿ ಕಲ್ಲುಚಪ್ಪಡಿ ಬಾಯಿ ತೆರೆದಿದೆ, ಎಲ್ಲಿ ಬೈಕು ಫುಟ್‌ಪಾತ್ ಹತ್ತಿ ಬಂತು, ಎಲ್ಲಿ ಅವರು ನಿಮ್ಮ ಕೈ ಬಿಗಿಯಾಗಿ ಹಿಡಿದರು, ಎಷ್ಟು ಹೊತ್ತು ನಿಂತ ಮೇಲೆ ರಸ್ತೆ ದಾಟಿದಿರಿ, ಇವನ್ನು ಬರೆದಿಟ್ಟುಕೊಳ್ಳಿ. ನಿಲ್ದಾಣದಲ್ಲಿ ಕುಳಿತುಕೊಳ್ಳಲು ಜಾಗವಿತ್ತೇ ಎಂಬುದನ್ನೂ ಬರೆಯಿರಿ. ಆ ಹಾಳೆಯನ್ನು ನನಗೊಂದು, ನಿಮ್ಮ ವಾರ್ಡಿನ ಕಚೇರಿಗೊಂದು ಕಳುಹಿಸಿ. ಎಂಜಿನಿಯರ್ ಶಿಷ್ಯನ ಹಾಳೆ ಎಲ್ಲರಿಗಿಂತ ಮೊದಲು ಬರಬೇಕು. ಅವನ ತಾಯಿಯನ್ನು ನಾನು ಬಲ್ಲೆ. ಅವನು ಏಳನೆಯ ತರಗತಿಯಲ್ಲಿದ್ದಾಗ ಜ್ವರ ಬಂದಿತ್ತೆಂಬ ರಜಾ ಅರ್ಜಿಯನ್ನು ಕೊಡಲು ಮೂರು ಮೈಲಿ ನಡೆದು ಶಾಲೆಗೆ ಬಂದಿದ್ದ ಹೆಂಗಸು ಆಕೆ. ಈಗ ಅವನ ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿದ್ದಾರೆ. ಅವರು ಕೊನೆಯ ಬಾರಿ ಒಬ್ಬರೇ ಗೇಟು ದಾಟಿ ಹೊರಗೆ ಹೋದದ್ದು ಯಾವಾಗ ಎಂದು ಅವನು ಕೇಳಿ ತಿಳಿದುಕೊಂಡು ನನಗೆ ಬರೆಯಲಿ. ಅನಂತರ ಸ್ವಾತಂತ್ರ್ಯದ ವಿಷಯವನ್ನು ಮಾತನಾಡೋಣ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು